ಹಿರಿಯನಿಗೆ ಕಂಡ ತಪ್ಪು

“ಗುರುಗಳೇ, ಜೊತೆಯವನು ಬರೆದ ಕಂಪ್ಯೂಟರ್ ಪ್ರೋಗ್ರಾಂ ಓದಿ, ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾದರೆ ಅದು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಮಳೆಯ ಲೆಕ್ಕ ಮಾಡುವ ಒಂದು ಸಂಶೋಧನಾಲಯವಿತ್ತು. ಅಲ್ಲಿ ಯಾರು ಪ್ರೋಗ್ರಾಂ ಬರೆದರೂ ಸಂಜೆ ಚಹಾದ ಹೊತ್ತಿಗೆ ಇನ್ನೊಬ್ಬರಿಗೆ ಕೊಟ್ಟು ಓದಿಸುತ್ತಿದ್ದರು. ಮೇಲಿನವರ ಅಪ್ಪಣೆಯೇನಲ್ಲ, ತಮ್ಮತಮ್ಮಲ್ಲೇ ಬೆಳೆಸಿಕೊಂಡ ರೂಢಿ. ಹೀಗೆ ಓದುವುದರಲ್ಲಿ ಒಬ್ಬ ಹಿರಿಯನಿಗೆ ದೊಡ್ಡ ಹೆಸರು. ಅವನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗದು ಎನ್ನುತ್ತಿದ್ದರು. ಅವನಿಗಿದ್ದ ಆಸ್ತಿ ಅದೊಂದೇ.

ಆಮೇಲೆ ಒಬ್ಬ ಕಿರಿಯ ಬಂದ. ಹಿರಿಯ ತಿಂಗಳೆಲ್ಲ ತಿಣುಕಿ ಬರೆಯುವುದನ್ನು ಅವನು ವಾರದಲ್ಲಿ ಮುಗಿಸುತ್ತಿದ್ದ. ಎಲ್ಲರೂ ಅವನನ್ನೇ ಹೊಗಳಿದರು. ಹೊಟ್ಟೆಕಿಚ್ಚಿಗೆ ಇಷ್ಟು ಸಾಲದೇ? ಹಿರಿಯನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಒಂದು ಸಂಜೆ ಕಿರಿಯ ತನ್ನ ಪ್ರೋಗ್ರಾಂ ತಂದು, “ಅಣ್ಣ, ನಾಳಿದ್ದು ಸಭೆಯ ಮುಂದೆ ಇಡಬೇಕು. ನೀವು ಒಮ್ಮೆ ನೋಡಿದರೆ ನನಗೆ ಧೈರ್ಯ” ಎಂದ.

ಮಾಪಕ ಕೆಟ್ಟು ಮಳೆ ಅಳೆಯಲಾಗದ ದಿನ ಕಡತದಲ್ಲಿ ‘ಮೈನಸ್ ತೊಂಬತ್ತೊಂಬತ್ತು’ ಎಂದು ಗುರುತು ಹಾಕುವುದು ಅಲ್ಲಿನ ಪದ್ಧತಿ. ಕಿರಿಯನಿಗೆ ಅದು ಗೊತ್ತಿರಲಿಲ್ಲ. ಅವನ ಪ್ರೋಗ್ರಾಂ ಆ ಗುರುತನ್ನೂ ಮಳೆಯೆಂದೇ ಕೂಡಿಸುತ್ತಿತ್ತು. ಹಿರಿಯನಿಗೆ ಓದಿದ ಕೂಡಲೇ ಅದು ಕಂಡಿತು. ಬೀಳಲಿ, ಇವನೂ ಒಮ್ಮೆ ಬೀಳಲಿ ಎಂದುಕೊಂಡ. “ಚೆನ್ನಾಗಿದೆ” ಎಂದು ಹಿಂತಿರುಗಿಸಿದ.

ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, “ಆಷಾಢದಲ್ಲಿ ಈ ಊರಿನ ಮಳೆ ಸೊನ್ನೆಗಿಂತ ಕಡಿಮೆ ಹೇಗಪ್ಪಾ? ಸುರಿದ ನೀರನ್ನು ಮೋಡ ವಾಪಸು ಕೇಳಿತೇ?” ಎಂದರು. ಎಲ್ಲರೂ ನಕ್ಕರು. ಹಿರಿಯನಿಗೆ ಹಾಲು ಕುಡಿದಷ್ಟು ಸಂತೋಷ.

ಕಿರಿಯ ತಲೆ ತಗ್ಗಿಸಿ ಹೇಳಿದ: “ತಪ್ಪು ನನ್ನದೇ. ಆದರೆ ಬಹಳ ಸೂಕ್ಷ್ಮವಾದ ತಪ್ಪು ಇರಬೇಕು. ಅಣ್ಣ ಓದಿಯೇ ಕೊಟ್ಟಿದ್ದರು, ಅವರ ಕಣ್ಣಿಗೂ ಬೀಳಲಿಲ್ಲ.”

ನಗು ನಿಂತಿತು. ಎಲ್ಲರೂ ಹಿರಿಯನ ಕಡೆ ತಿರುಗಿದರು. ಕಂಡಿತ್ತು ಎಂದರೆ ನೀಚನಾಗಬೇಕು, ಕಾಣಲಿಲ್ಲ ಎಂದರೆ ಕುರುಡನಾಗಬೇಕು. ಅವನು, “ಕಾಣಲಿಲ್ಲ” ಎಂದ. ಅಂದಿನಿಂದ ಚಹಾದ ಹೊತ್ತಿಗೆ ಅವನ ಮುಂದೆ ಲೋಟ ಮಾತ್ರ ಬರುತ್ತಿತ್ತು. ಓದಿ ನೋಡಿ ಎಂದು ಯಾರೂ ಏನನ್ನೂ ತರಲಿಲ್ಲ.

ಶಿಷ್ಯ ನಕ್ಕು, “ಎಂಥ ಮೂರ್ಖ! ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?” ಎಂದ.

ಗುರು ಕೇಳಿದರು: “ನಿನ್ನ ಜೊತೆಯವನ ತಪ್ಪು ಎಷ್ಟನೆಯ ಸಾಲಿನಲ್ಲಿದೆ?”