ಗಿರಣಿ ಬೋರಕ್ಕ ಕಾರಿನ ಕೆಮ್ಮು ಬಿಡಿಸಿದ್ದು

ಎಷ್ಟು ವರ್ಷ ಆಯ್ತೋ ಲೆಕ್ಕ ಇಟ್ಟೋರಿಲ್ಲ, ಸೂಜಿಕಲ್ಲಹಟ್ಟಿ ಅಂತ ಒಂದೂರಿತ್ತು. ಊರು ಈಗಲೂ ಇದೆ, ಆದರೆ ಆಗಿನ ಊರೇ ಬೇರೆ. ಕಣ್ಣು ಹಾಯುವಷ್ಟು ದೂರ ಶೇಂಗಾ ಹೊಲ, ನಡುವೆ ಒಂದು ಕರೀ ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಹಿಟ್ಟಿನ ಗಿರಣಿ. ಆ ಗಿರಣಿಯಲ್ಲಿ ಬೋರಕ್ಕ ಅಂತ ಒಬ್ಬ ಹೆಂಗಸಿದ್ದಳಂತೆ.

ಗಿರಣಿ ಹಾಕಿದ ಎರಡನೇ ವರ್ಷಕ್ಕೇ ಅವಳ ಗಂಡ ತೀರಿಕೊಂಡ. ಗಿರಣಿ ತಿರುಗಿಸೋ ಆಯಿಲ್ ಇಂಜಿನ್ನು ಅವಳ ಪಾಲಿಗೆ ಬಂತು. ಆ ಕಡೆ ರಿಪೇರಿಗೆ ಬರೋರು ಯಾರೂ ಇರಲಿಲ್ಲ. ದಿನಾ ಅದರ ಪಕ್ಕ ಕೂತಳು, ಅದರ ಸದ್ದು ಕೇಳಿದಳು, ಕೆಟ್ಟಾಗ ಬಿಚ್ಚಿದಳು, ಬಿಚ್ಚಿದ್ದನ್ನ ಜೋಡಿಸಿದಳು. ಹಂಗೆ ಕೇಳಿ ಕೇಳಿ ಅವಳ ಕಿವಿ ಎಂಥದ್ದಾಯ್ತು ಅಂದರೆ, ರಾಗಿಯಲ್ಲಿ ಹರಳಿದ್ದರೆ ಬೀಸೋ ಕಲ್ಲಿಗೆ ತಾಗೋ ಮೊದಲೇ ಗೊತ್ತಾಗ್ತಿತ್ತಂತೆ. ಹೆದ್ದಾರಿಯಲ್ಲಿ ಹೋಗ್ತಿದ್ದ ಲಾರಿಯ ಸದ್ದು ಕೇಳಿ, ಪಾಪ, ಇದು ಸಂಜೆಯೊಳಗೆ ನಿಲ್ತೈತೆ ಅಂದಳಂತೆ. ನಿಂತಿತಂತೆ. ಒಂದು ಸಲ ಆಕಾಶದಲ್ಲಿ ವಿಮಾನ ಹೋದಾಗ ತಲೆ ಎತ್ತದೇನೇ, ಎಡಗಡೇದು ಸ್ವಲ್ಪ ದಣಿದೈತೆ ಅಂದಳಂತೆ. ಆ ವಿಮಾನ ಏನಾಯ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಆ ಮಾತು ಇನ್ನೂ ಉಳಿದಿದೆ.

ಅದೇ ಕಾಲದಲ್ಲಿ, ಮೂರು ಹರದಾರಿ ಆಚೆ, ಪಾಲಾಕ್ಷ ಅಂತ ಒಬ್ಬನಿದ್ದ. ಮದುವೆ ವಯಸ್ಸು, ಒಳ್ಳೇ ಮನೆತನ, ಮೂಗಿನ ಕೆಳಗೆ ಚೆಂದದ ಮೀಸೆ. ಆದರೆ ಮನಸ್ಸೆಲ್ಲ ಕಾರಿನ ಮೇಲೆ. ಯಾರೋ ಮುದಿ ಡಾಕ್ಟರು ಹುಣಸೆಮರದ ಕೆಳಗೆ ಬಿಟ್ಟಿದ್ದ ಹಳೇ ಕಾರನ್ನ ತಂದ. ಅದರ ಮೈ ನೆಲಕ್ಕಿಳಿಸಿದ, ದಪ್ಪ ಚಕ್ರ ಹಾಕಿದ, ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಎಸೆದ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸೋ ಕಾರ್ಬೊರೇಟರ್ ಅಂತ ಒಂದಿರ್ತದಲ್ಲ, ಅದು ಒಂದು ಸಾಲದು, ಎರಡು ಬೇಕು ಅಂದ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಕಾರಿನ ಪಂದ್ಯ ಆಗ್ತಿತ್ತು. ಅದರಲ್ಲಿ ಎಲ್ಲರಿಗಿಂತ ಮುಂದೆ ಧೂಳೆಬ್ಬಿಸಬೇಕು ಅನ್ನೋದು ಅವನ ಆಸೆ.

ಎರಡನೇ ಕಾರ್ಬೊರೇಟರ್ ಕೂರಿಸಿ ಹದ ಮಾಡೋಕೆ ಪಟ್ಟಣದ ಒಬ್ಬ ಮೇಸ್ತ್ರಿಗೆ ಕೊಟ್ಟ. ಆ ಮೇಸ್ತ್ರಿಯ ಹೆಸರು ಬೇಡ, ಹೇಳಿದರೆ ಅವನ ಮರಿಮಕ್ಕಳು ಜಗಳಕ್ಕೆ ಬರ್ತಾರೆ. “ಬಾಣ ಮಾಡಿ ಕೊಡ್ತೀನಿ, ಬಿಟ್ಟು ಹೋಗಿ ಸಾರ್” ಅಂದನಂತೆ. ಮೂರು ತಿಂಗಳು ಇಟ್ಕೊಂಡ. ವಾಪಸ್ಸು ಕೊಟ್ಟಾಗ ಬಾಣ ಒಂದು ಬಿಟ್ಟು ಉಳಿದದ್ದೆಲ್ಲ ಆಗಿತ್ತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಮುಗ್ಗರಿಸ್ತಿತ್ತು, ಕಾಲು ತೆಗೆದರೆ ಹಿಂದಿನಿಂದ ಢಂ ಅಂತ ಸಿಡೀತಿತ್ತು. ಹಿಂದೆ ಬರೋರಿಗೆ ಮಸಿ ಹೊಗೆಯ ಸ್ನಾನ. ಪಾಲಾಕ್ಷ ಇನ್ನೊಬ್ಬ ಮೇಸ್ತ್ರಿಗೆ ತೋರಿಸಿದ. ಅವನು ಮೊದಲಿನವನನ್ನ ಬೈದು ಇನ್ನಷ್ಟು ಪೆಟ್ರೋಲು ಹರಿಯೋ ಹಂಗೆ ಮಾಡಿದ. ಮೂರನೆಯವನು ಇಬ್ಬರನ್ನೂ ಬೈದು ಇನ್ನೂ ಹೆಚ್ಚು ಮಾಡಿದ. ಗಾಡಿ ಮೂವರನ್ನೂ ಬೈಯ್ತಾ ಮನೆಗೆ ಬಂತು.

ಇಂಥ ಗಾಡಿಯಲ್ಲಿ ಅವನು ಬೇವಿನಕುಂಟೆಗೆ ಹೆಣ್ಣು ನೋಡೋಕೆ ಹೋದ. ಅವರಮ್ಮ ಎತ್ತಿನ ಗಾಡಿ ಸಾಕು ಅಂತ ಕೈ ಮುಗಿದಳಂತೆ. ಕೇಳಲಿಲ್ಲ.

ಹುಡುಗಿಯ ಹೆಸರು ಪಾರಿಜಾತ. ಅವಳ ತಾತ ಸುಬೇದಾರ್ ಚೌಡಪ್ಪ, ಯುದ್ಧ ನೋಡಿ ಬಂದ ಮನುಷ್ಯ. ಜಗಲಿಯ ಮೇಲೆ ಬಿಳೀ ರುಮಾಲು ಸುತ್ತಿ, ಬೀಗರ ದಾರಿ ಕಾಯ್ತಾ ಕೂತಿದ್ದ. ಪಾಲಾಕ್ಷ ಅಂಗಳಕ್ಕೆ ಬಂದು ಕಾಲು ತೆಗೆದ. ಢಂ! ಸುಬೇದಾರ ಜಗಲಿಯಿಂದ ಹಾರಿ ನೆಲಕ್ಕೆ ಬೋರಲು ಬಿದ್ದು, “ಯಾರೂ ಏಳಬ್ಯಾಡ್ರಿ!” ಅಂತ ಕೂಗಿದ. ಎಮ್ಮೆ ಗೂಟ ಕಿತ್ತು, ಒಣಗೋಕೆ ಹಾಕಿದ್ದ ಸಂಡಿಗೆ ಮೇಲೆ ಓಡಿತು. ಪುರೋಹಿತರು ಪಂಚಾಂಗ ಬಿಟ್ಟು ಅಡುಗೆಮನೆ ಸೇರಿದರು. ಹೊಗೆ ತಿಳಿಯಾದ ಮೇಲೆ ನೋಡಿದರೆ ಸುಬೇದಾರನ ಬಿಳೀ ರುಮಾಲು ಕರೀ ಕಂಬಳಿ ಆಗಿತ್ತು.

ಹುಡುಗಿಯ ಅಪ್ಪ ಮರ್ಯಾದಸ್ಥ. ಉಪ್ಪಿಟ್ಟು ಕೊಟ್ಟು, ನೀರು ಕೊಟ್ಟು, ಜಾತಕ ಕೂಡುತ್ತೆ, ಗಾಡಿ ಕೂಡಲ್ಲ ಅಂತ ಹೇಳಿ ಕಳಿಸಿದ. ಪಾಲಾಕ್ಷ ತಲೆ ತಗ್ಗಿಸಿ ಹೊರಟ. ಪಾರಿಜಾತಳ ಮುಖ ಅವನು ನೋಡಿದ್ದು ಅರೆಗಳಿಗೆ. ಎಲ್ಲರೂ ಅಡಗಿಕೊಂಡಿದ್ದಾಗ ಅವಳೊಬ್ಬಳು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿ ನಗ್ತಿದ್ದಳು. ಆ ನಗು ಅವನ ಎದೆಯಲ್ಲಿ ಕೂತುಬಿಟ್ಟಿತು. ಊಟ ಸೇರಲಿಲ್ಲ, ಪಂದ್ಯ ಬೇಡವಾಯ್ತು.

ನಾಲ್ಕನೇ ದಿನ ಬಳೆ ಮಾರೋ ಹೆಂಗಸಿನ ಕೈಯಲ್ಲಿ ಹುಡುಗಿಯ ಮಾತು ಬಂತು. ಗಾಡಿ ಚೆನ್ನಾಗೈತೆ, ಆದ್ರೆ ಕೆಮ್ಮು ಬಿಡಿಸ್ರಿ. ಯುಗಾದಿಗೆ ಇನ್ನೊಂದು ಗಂಡು ಬರ್ತೈತೆ, ಅದು ಸೈಕಲ್ ಮೇಲೆ ಬರ್ತೈತೆ, ಸದ್ದೇ ಮಾಡಲ್ಲ. ಅಷ್ಟರೊಳಗೆ ಸೂಜಿಕಲ್ಲಹಟ್ಟಿ ಗಿರಣಿ ಬೋರಕ್ಕನ ಹತ್ರ ಹೋಗ್ರಿ. ಇಷ್ಟೇ ಮಾತು.

ಯುಗಾದಿಗೆ ಆರೇ ದಿನ ಇತ್ತು. ಪಾಲಾಕ್ಷ ಹೊರಟ. ಗಾಡಿ ಹೋದ ದಾರಿಯುದ್ದಕ್ಕೂ ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸಿದವಂತೆ. ಗಿರಣಿ ಮುಂದೆ ನಿಲ್ಲಿಸಿದಾಗ ಒಳಗಿಂದ ಹಿಟ್ಟು ಮೆತ್ತಿದ ಮುಖದ ಒಬ್ಬ ಗಟ್ಟಿ ಹೆಂಗಸು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಕಾರನ್ನ ನೋಡಲಿಲ್ಲ, ಬೇರೆ ಎತ್ತಲೋ ನೋಡ್ತಾ ಕೇಳಿಸಿಕೊಂಡಳು.

ಪಾಲಾಕ್ಷ ಶುರು ಮಾಡಿದ. ಕಾರ್ಬೊರೇಟರ್ ಎಲ್ಲಿಂದ ತಂದದ್ದು, ಮೇಸ್ತ್ರಿ ಏನಂದ, ಪಂದ್ಯ ಯಾವಾಗ, ಹುಡುಗಿ ಯಾರು, ಎಮ್ಮೆ ಯಾವುದು, ಎಲ್ಲಾ.

“ಕಾಯಿಲೆ ಯಾರಿಗಪ್ಪ, ನಿನಗೋ ಗಾಡಿಗೋ?” ಅಂದಳು ಬೋರಕ್ಕ.

“ಗಾಡಿಗೆ ಅಕ್ಕ.”

“ಹಂಗಾದ್ರೆ ನೀನು ಸುಮ್ನಿರು. ಅದು ಹೇಳ್ಲಿ. ಪಾಳಿ ಬಂದಾಗ ಕರೀತೀನಿ.”

ಪಾಳಿ ಅಂದರೆ ಗಿರಣಿಯ ಪಾಳಿ. ಗಾಡಿಯ ಮುಂದೆ ಹತ್ತೊಂಬತ್ತು ಜನ ಇದ್ದರು. ರಾಗಿ ಚೀಲ, ಜೋಳದ ಡಬ್ಬಿ. ಹಿಂದೆ ಮದುವೆ ಮನೆಯ ಒಣಮೆಣಸಿನಕಾಯಿ. ಕಾರನ್ನ ಜೋಳದ ಡಬ್ಬಿಗೂ ಮೆಣಸಿನಕಾಯಿಗೂ ನಡುವೆ ನಿಲ್ಲಿಸಿದರು. ಒಂದೊಂದು ಚೀಲ ಮುಂದೆ ಹೋದಂಗೆ ಪಾಲಾಕ್ಷ ಕಾರನ್ನ ಒಂದೊಂದು ಮೊಳ ಮುಂದಕ್ಕೆ ತಳ್ಳಿದ. ಪಾಳಿಯಲ್ಲಿದ್ದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿದರು. ಒಬ್ಬಳು ದೃಷ್ಟಿ ಅಂದಳು, ಇನ್ನೊಬ್ಬಳು ಜೀರಿಗೆ ಕಷಾಯ ಅಂದಳು. ಅವನಿಗೆ ಅಳು ಬರೋದೊಂದು ಬಾಕಿ. ಆದರೂ ಸುಮ್ಮನಿದ್ದ. ಎರಡು ದಿನ ಹಂಗೇ ಕಳೀತು.

ಮೂರನೇ ದಿನ ಪಾಳಿ ಬಂತು. ಬೋರಕ್ಕ ಗಿರಣಿ ನಿಲ್ಲಿಸಿದಳು. ಊರಿಗೆ ಊರೇ ಸುಮ್ಮನಾಯ್ತಂತೆ. ಗಾಡಿ ಶುರು ಮಾಡು ಅಂದಳು, ಒಲೆ ಊದೋ ಊದುಗೊಳವೆ ತಂದಳು. ಒಂದು ತುದಿ ಕಿವಿಗಿಟ್ಟುಕೊಂಡಳು, ಇನ್ನೊಂದು ತುದಿ ಮೊದಲನೇ ಕಾರ್ಬೊರೇಟರ್ ಬಾಯಿಗೆ ಹಿಡಿದಳು. ಕೇಳಿದಳು. ಎರಡನೆಯದಕ್ಕೆ ಹಿಡಿದಳು. ಕೇಳಿದಳು. ಮತ್ತೆ ಕೇಳಿದಳು.

“ಒಬ್ಬ ಉಸಿರಾಡ್ತಾವ್ನೆ, ಇನ್ನೊಬ್ಬನ ಬಾಯಿಗೆ ಯಾರೋ ಬಟ್ಟೆ ತುರುಕವ್ರೆ” ಅಂದಳು.

ಮಾತಿಗೆ ಹೇಳಿದಳು ಅಂದುಕೊಂಡ ಪಾಲಾಕ್ಷ. ಅವಳು ಇಂಜಿನ್ನು ಆರಿಸಿ, ನಾಲ್ಕು ನಟ್ಟು ಬಿಚ್ಚಿ, ಎರಡನೇ ಕಾರ್ಬೊರೇಟರ್ ಎತ್ತಿ, ಅದರ ಹಿಂದಿನ ದಾರಿಗೆ ಎರಡು ಬೆರಳು ಹಾಕಿ ಎಳೆದಳು. ಬಂತು ನೋಡಿ, ಮೇಸ್ತ್ರಿ ಕೈ ಒರೆಸೋ ಬಟ್ಟೆ! ಕೆಲಸ ಮಾಡುವಾಗ ಕಸ ಬೀಳದಿರಲಿ ಅಂತ ಮೊದಲನೆಯವನು ತುರುಕಿ, ತೆಗೆಯೋದು ಮರೆತು, ಮೇಲೆ ನಟ್ಟು ಬಿಗಿದಿದ್ದ. ಅದು ಅಂಗೈ ಅಗಲದ ಚಿಂದಿ ಅಂತ ಆಗ ಕಂಡೋರು ಹೇಳ್ತಿದ್ದರಂತೆ. ಅವರ ಮಕ್ಕಳ ಕಾಲಕ್ಕೆ ಅದು ಟವೆಲ್ಲಾಯ್ತು. ಈಗ ಹೇಳೋರು ಒಂದಿಡೀ ಪಂಚೆ ಬಂತು ಅಂತಾರೆ, ಪಂಚೆಯ ಹಿಂದೆ ಮೇಸ್ತ್ರಿಯ ಬುತ್ತಿಯೂ ಬಂತು ಅನ್ನೋರಿದ್ದಾರೆ.

ಪಾಲಾಕ್ಷ ಆ ಬಟ್ಟೆಯನ್ನ ಕೈಯಲ್ಲಿ ಹಿಡಿದು ನಿಂತ. ಇದಕ್ಕಾಗಿ ಮೂರು ತಿಂಗಳು, ಮೂವರು ಮೇಸ್ತ್ರಿಗಳು, ಸುಬೇದಾರನ ರುಮಾಲು, ಪಾರಿಜಾತ. ಸಿಟ್ಟು ಬಂತು, ನಗು ಬಂತು, ಎರಡೂ ಒಟ್ಟಿಗೆ ಬಂದು ಸೀನು ಬಂತು. ಹಿಂದೆ ಮೆಣಸಿನಕಾಯಿ ಇತ್ತಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಕಿಡಿ ಹೊಡೆಯೋ ಪ್ಲಗ್ಗುಗಳನ್ನ ಬಿಚ್ಚಿ ಅವನ ಮುಂದೆ ಹಿಡಿದಳು. ಮಸಿಯಂಗೆ ಕಪ್ಪಾಗಿದ್ದವು. “ಇದು ಸೀದ ರೊಟ್ಟಿ. ನನಗೆ ಬೆಂದ ರೊಟ್ಟಿ ಬಣ್ಣ ಬರಬೇಕು” ಅಂದಳು. ಮೂವರು ಮೇಸ್ತ್ರಿಗಳು ಹೆಚ್ಚಿಸಿದ್ದ ಪೆಟ್ರೋಲನ್ನ ಒಂದೊಂದು ಎಳೆ ಇಳಿಸಿದಳು. ಕಿಡಿ ತಡವಾಗಿ ಹೊಡೀತಿತ್ತು, ಸುಡದೆ ಉಳಿದ ಪೆಟ್ರೋಲು ಹೊಗೆಕೊಳವೆಯಲ್ಲಿ ಹೋಗಿ ಸಿಡೀತಿತ್ತು. ಕಿಡಿ ಹಂಚೋ ಡಬ್ಬಿಯನ್ನ ಕೂದಲೆಳೆಯಷ್ಟು ತಿರುಗಿಸಿ ಹೊತ್ತಿಗೆ ತಂದಳು. ಮತ್ತೆ ಊದುಗೊಳವೆ. ಈ ಕಿವಿಯಲ್ಲಿ ಇವನು, ಆ ಕಿವಿಯಲ್ಲಿ ಅವನು. ಇಬ್ಬರ ಉಸಿರೂ ಒಂದಾಗೋವರೆಗೂ ತಿರುಪು ತಿರುಗಿಸಿದಳು. ಗುಡ್ಡದವರೆಗೆ ಓಡಿಸಿಕೊಂಡು ಬಾ ಅಂದಳು, ಬಂದ ಮೇಲೆ ಪ್ಲಗ್ಗು ಬಿಚ್ಚಿ ನೋಡಿದಳು, ಇನ್ನೂ ಸೀದೈತೆ ಅಂದಳು. ಹೀಗೆ ಏಳು ಸಲ ಅಂತಾರೆ, ಹನ್ನೊಂದು ಸಲ ಅಂತಾರೆ. ಕೊನೆಯ ಸಲ ಪ್ಲಗ್ಗು ತೆಗೆದರೆ ಕಂದು ಬಣ್ಣ, ಆಗಷ್ಟೇ ಹಂಚಿನಿಂದ ಇಳಿಸಿದಂಗೆ. ಗಾಡಿ ಹುಲಿ ಗೊರಕೆ ಹೊಡೆದಂಗೆ ನಿಂತಲ್ಲೇ ಗುರುಗುರು ಅಂತಿತ್ತು.

“ಈಗ ಹೋಗು. ಅದು ಕೇಳಿದಷ್ಟೇ ಉಣಿಸು” ಅಂದು ಬೋರಕ್ಕ ಗಿರಣಿ ಶುರು ಮಾಡಿ, ಮೆಣಸಿನಕಾಯಿ ಸುರಿದಳು.

ಯುಗಾದಿಯ ಬೆಳಿಗ್ಗೆ ಪಾಲಾಕ್ಷ ಬೇವಿನಕುಂಟೆಗೆ ಬಂದ. ಸದ್ದಿಲ್ಲದೆ ಬಂದದ್ದೇ ಹೊಸ ತಕರಾರಾಯ್ತು. ಸುಬೇದಾರ ಕಣ್ಣು ಬಿಟ್ಟರೆ ಕಾರಿನ ಮೂತಿ ಜಗಲಿಗೆ ತಾಗಿ ನಿಂತಿದೆ. “ಕಳ್ಳನಂಗೆ ಬಂದ್ಯಲ್ಲೋ!” ಅಂದ. ಪಾಲಾಕ್ಷ ಕಾಲು ಮುಟ್ಟಿ, ಒಂದು ಸಲ ಕೂತು ನೋಡ್ರಿ ತಾತ ಅಂದ.

ಸುಬೇದಾರ ಒಂದು ಕರಾರು ಹಾಕಿದ. ತುಂಬಿದ ಲೋಟ ಮಜ್ಜಿಗೆ ಹಿಡಿದು ಕೂರ್ತೀನಿ, ಗಾಡಿ ಒಂದು ಸಲ ಮುಗ್ಗರಿಸಿದರೂ ಇಳಿದು ಹೋಗಿ ಸೈಕಲ್ ಹುಡುಗನಿಗೆ ಮಾತು ಕೊಡ್ತೀನಿ ಅಂದ. ಹಿಂದಿನ ಸೀಟಿಲ್ಲದ ಜಾಗದಲ್ಲಿ ಪಾರಿಜಾತ ಹೋಗಿ ಚಾಪೆ ಹಾಕಿ ಕೂತಳು. ತಾತನನ್ನ ಒಬ್ಬನೇ ಹೆಂಗೆ ಕಳಿಸೋದು ಅಂದಳಂತೆ. ಅಪ್ಪ ಬೇಡ ಅನ್ನೋಷ್ಟರಲ್ಲಿ ಗಾಡಿ ಬೀದಿ ದಾಟಿತ್ತು.

ಊರಾಚೆ ರೈಲು ದಾರಿಯ ಪಕ್ಕದಲ್ಲೇ ನೇರ ರಸ್ತೆ. ಪಾಲಾಕ್ಷ ಮೆಲ್ಲಗೆ ನಡೆಸ್ತಿದ್ದ. ಬೆನ್ನೆಲ್ಲ ಬೆವರು. ಅಷ್ಟರಲ್ಲಿ ಹಿಂದಿನಿಂದ ರೈಲು ಬಂತು, ಕೂಗಿತು, ಇವರನ್ನ ದಾಟಿತು. ಸುಬೇದಾರನ ಮೀಸೆ ಅಲ್ಲಾಡಿತು.

“ಏನಯ್ಯಾ, ಇಷ್ಟೇನಾ ಇದು ಓಡೋದು?”

“ಮಜ್ಜಿಗೆ ಐತಲ್ಲ ತಾತ.”

“ಮಜ್ಜಿಗೆ ನನ್ನ ಕೈಲೈತೆ, ಕಾಲು ನಿನ್ನದಲ್ವಾ! ಹಿಡಿ ಅದನ್ನ!”

ಪಾಲಾಕ್ಷ ಕಾಲು ಊರಿದ. ಎರಡೂ ಕಾರ್ಬೊರೇಟರ್ ಒಂದೇ ಉಸಿರು ಎಳೆದವು. ಮುಗ್ಗರಿಸಲಿಲ್ಲ, ಕೆಮ್ಮಲಿಲ್ಲ. ಆ ಗಾಡಿ ಏನು ಅನ್ನೋದು ಅವತ್ತೇ ಅವನಿಗೂ ಗೊತ್ತಾದದ್ದು. ರೈಲಿನ ಕೊನೇ ಡಬ್ಬಿ ಹಿಂದೆ ಬಿತ್ತು, ನಡುವಿನ ಡಬ್ಬಿ ಹಿಂದೆ ಬಿತ್ತು, ಇಂಜಿನ್ ಡ್ರೈವರು ತಲೆ ಹೊರಗೆ ಹಾಕಿ ಬಾಯಿ ತೆರೆದ. ಸ್ಟೇಷನ್ನಿಗೆ ಇವರು ಮೊದಲು ಹೋಗಿ ನಿಂತರು. ಆಮೇಲೆ ಬಂದ ರೈಲಿಗೆ ಸುಬೇದಾರ ಸೆಲ್ಯೂಟ್ ಹೊಡೆದನಂತೆ. ಒಂದು ಹನಿ ಮಜ್ಜಿಗೆ ಚೆಲ್ಲಲಿಲ್ಲ ಅಂತ ಸೂಜಿಕಲ್ಲಹಟ್ಟಿಯವರು ಹೇಳ್ತಾರೆ. ಅವನು ಹೊರಡೋ ಮೊದಲೇ ಕುಡಿದಿದ್ದ ಅಂತ ಬೇವಿನಕುಂಟೆಯವರು ಹೇಳ್ತಾರೆ. ಈ ವಿಚಾರಕ್ಕೆ ಎರಡು ಊರಿಗೂ ಇನ್ನೂ ರಾಜಿ ಆಗಿಲ್ಲ.

ಮದುವೆ ಆಯ್ತು. ಬೋರಕ್ಕ ಬಂದಿದ್ದಳು, ಹೊಸ ಸೀರೆ ಉಟ್ಟಿದ್ದಳು. ತಾಳಿ ಕಟ್ಟೋ ಹೊತ್ತಿಗೆ ವಾಲಗದವನ ಹತ್ತಿರ ಹೋಗಿ, ನಿನ್ನ ಪೀಪಿಯಲ್ಲಿ ಎಲ್ಲೋ ಗಾಳಿ ಸೋರ್ತೈತೆ ಅಂದಳಂತೆ. ನೋಡಿದರೆ ಸೀಳು ಬಿಟ್ಟಿತ್ತಂತೆ. ಪಂದ್ಯದಲ್ಲಿ ಪಾಲಾಕ್ಷ ಗೆದ್ದನೋ ಇಲ್ಲವೋ, ಆ ಕಥೆ ಯಾರೂ ಹೇಳಲ್ಲ. ಬೇಸಿಗೆ ಪೂರಾ ಸುಬೇದಾರ ಇಳಿದಿದ್ದರೆ ತಾನೇ ಗಾಡಿ ಪಂದ್ಯಕ್ಕೆ ಹೋಗೋದು!

ಆಮೇಲೆ ಸುತ್ತ ಹದಿನಾರು ಹಳ್ಳಿಯ ಗಾಡಿಗಳು ಬೋರಕ್ಕನ ಪಾಳಿಯಲ್ಲಿ ನಿಂತವು. ಅವಳು ಎಲ್ಲಕ್ಕೂ ಕಿವಿ ಕೊಟ್ಟಳು, ವಯಸ್ಸಾಯ್ತು, ಒಂದು ದಿನ ಹೋದಳು. ಗಿರಣಿ ಈಗ ಬೀಸಲ್ಲ. ಆದರೆ ಆ ಸೀಮೆಯಲ್ಲಿ ಯಾರೇ ಹೊಸ ಗಾಡಿ ತಂದರೂ, ನಿಂಬೆಹಣ್ಣು ಚಕ್ರಕ್ಕಿಡೋ ಮೊದಲು, ಆ ಮುಚ್ಚಿದ ಬಾಗಿಲ ಮುಂದೆ ತಂದು ಇಂಜಿನ್ನು ಶುರು ಮಾಡಿ ನಿಲ್ಲಿಸ್ತಾರೆ. ನೆರೆದ ಜನ ಒಂದು ಎಲೆ ಅಡಿಕೆ ಹಾಕಿಕೊಳ್ಳೋಷ್ಟು ಹೊತ್ತು ತುಟಿ ಪಿಟಕ್ಕನ್ನಲ್ಲ. ಮಕ್ಕಳನ್ನೂ ಸುಮ್ಮನಾಗಿಸ್ತಾರೆ. ಆಮೇಲೆ ಊರಿನ ಹಿರೀ ಹೆಂಗಸು ಹ್ಞೂಂ ಅಂದರೆ ಮಾತ್ರ ಗಾಡಿ ಮುಂದಕ್ಕೆ.

ಮೊನ್ನೆ ಒಬ್ಬ ಬ್ಯಾಟರಿ ಕಾರು ತಂದಿದ್ದ. ಶುರು ಮಾಡಿದೆ ಅಂದ. ಎಲ್ಲರೂ ಸುಮ್ಮನೆ ನಿಂತರು. ಏನೂ ಕೇಳಿಸಲಿಲ್ಲ. ಇನ್ನಷ್ಟು ಹೊತ್ತು ನಿಂತರು. ಗುಡ್ಡದ ಮೇಲೆ ಗಾಳಿ ಬೀಸೋದು ಕೇಳಿಸಿತು, ಹೊಲದಲ್ಲಿ ಯಾರೋ ಯಾರನ್ನೋ ಕರೆಯೋದು ಕೇಳಿಸಿತು, ಪಕ್ಕದವರ ಉಸಿರು ಕೇಳಿಸಿತು. ಕೊನೆಗೆ ಹಿರೀ ಹೆಂಗಸು ಸೆರಗು ಸರಿಮಾಡಿಕೊಂಡು, “ನಮಗೆ ಕೇಳಿಸ್ಲಿಲ್ಲ. ಅವಳಿಗೆ ಕೇಳಿಸಿರ್ತೈತೆ, ಹೋಗಪ್ಪ” ಅಂದಳು.