ಹೇಳದೆ ಬಿಟ್ಟ ಹಂತ

"ನನ್ನ ಜೊತೆ ಕೆಲಸ ಮಾಡುವ ಮೃಣಾಲಿನಿ ತನ್ನ ಪ್ರಯೋಗದ ವಿಧಾನವನ್ನು ನನಗೆ ಹೇಳಿಕೊಟ್ಟಿದ್ದಾಳೆ, ಮೇಡಂ. ಅದರಲ್ಲಿ ಯಾವ ಹಂತವನ್ನು ಬಚ್ಚಿಟ್ಟಿದ್ದಾಳೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯೆ ವನಮಾಲಾ ಕೇಳಿದಳು.

ಗುರುಗಳು ಸೂಕ್ಷ್ಮದರ್ಶಕದ ದೀಪವನ್ನು ಆರಿಸಿದರು. ಕೂರುವಂತೆ ಸನ್ನೆ ಮಾಡಿ, ಈ ಕತೆಯನ್ನು ಹೇಳಿದರು.

ಒಂದು ಪ್ರಯೋಗಾಲಯದಲ್ಲಿ ಒಬ್ಬ ಹಿರಿಯ ಸಂಶೋಧಕಿ ಇದ್ದಳು. ಪ್ರಾಣಿಗಳ ಅಂಗಾಂಶದಲ್ಲಿ ಕಿರು ಆರ್‌ಎನ್‌ಎ ಎಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಅವಳ ಕೆಲಸ. ಅಂಗಾಂಶವನ್ನು ಕೂದಲಿಗಿಂತ ತೆಳುವಾಗಿ ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸಬೇಕು. ಆ ಆರ್‌ಎನ್‌ಎಯೊಂದಿಗೆ ಮಾತ್ರ ಜೋಡಿಯಾಗುವ ಎಳೆಯನ್ನು ಅದರ ಮೇಲೆ ಬಿಡಬೇಕು. ಜೋಡಿಯಾಗದೆ ಉಳಿದದ್ದನ್ನು ಬಿಸಿ ದ್ರಾವಣದಲ್ಲಿ ತೊಳೆಯಬೇಕು. ಆಮೇಲೆ ಬಣ್ಣ ಬರಿಸಿದರೆ, ಆರ್‌ಎನ್‌ಎ ಇದ್ದಲ್ಲಿ ನೇರಳೆ ಮೂಡುತ್ತದೆ.

ಒಂದು ಕಿರು ಆರ್‌ಎನ್‌ಎ ಹೃದಯದ ಬಡಿತವನ್ನು ಆರಂಭಿಸುವ ಕೋಶಗಳಲ್ಲಿದೆ ಎಂಬುದು ಅವಳ ವಾದ. ಅದನ್ನು ಅವಳು ವರ್ಷಗಳಿಂದ ಹೇಳುತ್ತ ಬಂದಿದ್ದಳು. ತೋರಿಸಲು ಮಾತ್ರ ಆಗಿರಲಿಲ್ಲ. ಅವಳ ಗಾಜುಗಳಲ್ಲಿ ಬಣ್ಣವೇ ಮೂಡುತ್ತಿರಲಿಲ್ಲ. ಆ ಕೆಲಸಕ್ಕೆಂದು ಸಾಕಿದ ಇಲಿಗಳ ವಂಶವೂ ನಿಂತುಹೋಗಿತ್ತು. ಕೊನೆಯ ಇಲಿಯ ಹೃದಯದ ಕೆಲವು ಹೋಳುಗಳು ಮಾತ್ರ ಫ್ರೀಜರಿನಲ್ಲಿ ಉಳಿದಿದ್ದವು. ಅವು ಮುಗಿದರೆ ಅವಳ ವಾದವೂ ಮುಗಿದಂತೆ.

ಆಗ ಅಲ್ಲಿಗೆ ಕಿರಿಯ ಸಂಶೋಧಕಿಯೊಬ್ಬಳು ಬಂದಳು. ಅವಳು ಆರಿಸಿಕೊಂಡದ್ದು ಮೂತ್ರಪಿಂಡ. ಅವಳ ಮೊದಲ ಗಾಜಿನಲ್ಲೇ ನೇರಳೆ ಮೂಡಿತು. ಎಲ್ಲರೂ ಸರದಿಯಲ್ಲಿ ನಿಂತು ನೋಡಿದರು. ಹಿರಿಯಳೂ ನೋಡಿದಳು, ಚೆನ್ನಾಗಿದೆ ಎಂದಳು. ಅಂದು ಅವಳಿಗೆ ಊಟ ರುಚಿಸಲಿಲ್ಲ.

ಅಲ್ಲಿಂದ ಮುಂದೆ, ಕಿರಿಯಳು ನಕ್ಕರೆ ತನ್ನನ್ನು ಕುರಿತೇ ನಕ್ಕಳು ಎಂದು ಹಿರಿಯಳಿಗೆ ಅನ್ನಿಸುತ್ತಿತ್ತು. ನಗದಿದ್ದರೆ ಗರ್ವವೆನ್ನಿಸುತ್ತಿತ್ತು. ಕಿರಿಯಳು ಮೇಜು ಒರೆಸಿದರೂ ಏನೋ ಗುರುತು ಅಳಿಸುತ್ತಿರುವಂತೆ ಕಾಣುತ್ತಿತ್ತು. ಅವಳ ಗಾಜುಗಳಲ್ಲಿ ಒಂದಾದರೂ ಕೆಡಲಿ ಎಂದು ಹಿರಿಯಳು ಹಾರೈಸಿದಳು. ಒಂದೂ ಕೆಡಲಿಲ್ಲ. ಕಿರಿಯಳು ಇನ್ನು ಹೃದಯದ ಮೇಲೆ ಕೆಲಸ ಆರಂಭಿಸುತ್ತಾಳೆ ಎಂಬ ಮಾತು ಕಿವಿಗೆ ಬಿದ್ದಾಗ ಹಿರಿಯಳಿಗೆ ತಡೆಯಲಾಗಲಿಲ್ಲ. ನೇರವಾಗಿ ಹೋಗಿ ಕೇಳಿದಳು.

"ಏನಮ್ಮ, ನಿನ್ನ ಇಲಿಗಳು ಬಣ್ಣ ಕುಡಿದುಕೊಂಡೇ ಹುಟ್ಟುತ್ತವೋ ಹೇಗೆ?"

"ಅಯ್ಯೋ, ಇಲ್ಲ ಅಕ್ಕ. ಈ ಆರ್‌ಎನ್‌ಎ ತೀರ ಚಿಕ್ಕದಲ್ಲವೇ? ಫಾರ್ಮಲಿನ್ ಒಂದರ ಹಿಡಿತಕ್ಕೆ ನಿಲ್ಲುವುದಿಲ್ಲ, ಬಿಸಿಯಲ್ಲಿ ತೊಳೆಯುವಾಗ ಜಾರಿಹೋಗುತ್ತದೆ. ಅದಕ್ಕೇ ನಾನು ಇನ್ನೊಂದು ದ್ರಾವಣದಲ್ಲೂ ನೆನೆಸುತ್ತೇನೆ. ಅದು ಆರ್‌ಎನ್‌ಎಯ ತುದಿಯನ್ನು ಅಂಗಾಂಶಕ್ಕೆ ಕಟ್ಟಿಹಾಕುತ್ತದೆ. ಬಾಟಲಿ ಇಲ್ಲೇ ಇದೆ, ತೆಗೆದುಕೊಳ್ಳಿ. ಅಂಗಾಂಶವನ್ನು ಸಡಿಲಿಸುವ ಕಿಣ್ವದಲ್ಲಿ ಮಾತ್ರ ಹೆಚ್ಚು ಹೊತ್ತು ಬಿಡಬೇಡಿ, ಹೋಳು ಕರಗಿಹೋಗುತ್ತದೆ."

"ಇಷ್ಟೇನಾ?"

"ಇಷ್ಟೇ ಅಕ್ಕ. ಬೇಕಾದರೆ ಜೊತೆಯಲ್ಲೇ ನಿಂತು ಮಾಡೋಣ."

"ಬೇಡಮ್ಮ. ನೀನು ಅಕ್ಷರ ತಿದ್ದುತ್ತಿದ್ದಾಗಲೇ ನಾನು ಕಿಣ್ವ ಅಳೆಯುತ್ತಿದ್ದೆ."

ಬಾಟಲಿ ಹಿಡಿದು ಹಿರಿಯಳು ತನ್ನ ಮೇಜಿಗೆ ಬಂದಳು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗೆಲ್ಲಿಸುವ ವಸ್ತುವನ್ನು ಯಾರಾದರೂ ಹೀಗೆ ಕೈಯೆತ್ತಿ ಕೊಡುತ್ತಾರೆಯೇ? ಇದು ತನ್ನ ದಾರಿ ತಪ್ಪಿಸಲು ಕೊಟ್ಟದ್ದು. ಹಾಗಾದರೆ ಗುಟ್ಟು ಇರುವುದು ಅವಳು ಬೇಡವೆಂದ ಕಡೆ, ಕಿಣ್ವದಲ್ಲಿ ಹೆಚ್ಚು ಹೊತ್ತು ಬಿಡುವುದರಲ್ಲಿ.

ಒಂದು ಹೋಳಿನ ಮೇಲೆ ಮೊದಲು ಪರೀಕ್ಷಿಸಬಹುದಾಗಿತ್ತು. ಆದರೆ ಕಿರಿಯಳು ಹೃದಯವನ್ನು ಮುಟ್ಟುವ ಮೊದಲೇ ತನ್ನ ಗಾಜು ಸಿದ್ಧವಾಗಬೇಕಿತ್ತು. ಅವಳು ಉಳಿದಿದ್ದ ಹೋಳುಗಳನ್ನೆಲ್ಲ ಒಟ್ಟಿಗೆ ಹೊರತೆಗೆದಳು. ಬಾಟಲಿಯ ಮುಚ್ಚಳ ತೆರೆಯಲಿಲ್ಲ. ಹೋಳುಗಳನ್ನು ಗಾಜುಗಳ ಮೇಲೆ ಕೂರಿಸಿ, ಕಿಣ್ವದಲ್ಲಿ ಮುಳುಗಿಸಿ, ಕಿರಿಯಳು ಮನೆಗೆ ಹೊರಡುವವರೆಗೂ ಕಾದಳು.

ತೊಳೆದು ಎತ್ತಿದಾಗ ಗಾಜುಗಳು ಖಾಲಿಯಾಗಿದ್ದವು. ಆ ಹೃದಯ ದ್ರಾವಣದಲ್ಲಿ ನೂಲಿನ ಚೂರುಗಳಂತೆ ತೇಲುತ್ತಿತ್ತು.

ಮರುದಿನ ಸುದ್ದಿ ತಿಳಿದು ಕಿರಿಯಳು ಓಡಿಬಂದಳು. "ಅಕ್ಕ, ಏನಾಯಿತು?" ಎಂದಳು.

"ನೀನು ಹೇಳಿದ ಹಾಗೆಯೇ ಮಾಡಿದೆನಲ್ಲಮ್ಮ" ಎಂದು ಹಿರಿಯಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಎಲ್ಲರೂ ಕಿರಿಯಳ ಮುಖ ನೋಡಿದರು. ಆ ಸಂಶಯ ಅವಳ ಮೇಲೆ ಬಹಳ ಕಾಲ ಉಳಿಯಿತು. ವಂಶ ನಿಂತುಹೋದ ಆ ಇಲಿಗಳ ಹೃದಯದ ಕೋಶಗಳಲ್ಲಿ ಏನಿತ್ತು ಎಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ವನಮಾಲಾ ಕೇಳಿದಳು: "ಆದರೆ ಮೇಡಂ, ಕಿರಿಯಳು ಏನನ್ನೋ ಬಚ್ಚಿಟ್ಟಿದ್ದಾಳೆ ಎಂದು ಹಿರಿಯಳಿಗೆ ಅಷ್ಟು ಖಚಿತವಾಗಿ ಅನ್ನಿಸಿದ್ದು ಹೇಗೆ?"

"ತಾನು ಇನ್ನೊಬ್ಬರಿಗೆ ಹೇಳಿಕೊಡುವಾಗಲೆಲ್ಲ ಹಿರಿಯಳು ಒಂದು ಹಂತವನ್ನು ಬಿಟ್ಟೇ ಹೇಳುತ್ತಿದ್ದಳು" ಎಂದರು ಗುರುಗಳು.