ಕಾಗದ ಓದುವ ತಾಸು

“ಗುರುಗಳೇ, ಈ ಕಾಲದಲ್ಲಿ ಗೆಲ್ಲಬೇಕಾದರೆ ಮಕ್ಕಳಿಗೆ ಯಾವ ವಿದ್ಯೆ ಬರಬೇಕು?” ಎಂದು ಶಿಷ್ಯ ಕೇಳಿದ. ಅವನಿಗೆ ಆಗಷ್ಟೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. “ನಾಡಿದ್ದು ಊರಿನವರ ಸಭೆ ಇದೆ. ಒಬ್ಬರು ಇಂಗ್ಲಿಷ್ ಅನ್ನುತ್ತಾರೆ, ಒಬ್ಬರು ಕಂಪ್ಯೂಟರ್ ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು ಜನರ ಎದುರು ಮಾತಾಡುವ ಧೈರ್ಯ ಅನ್ನುತ್ತಾರೆ. ನನ್ನನ್ನು ಕೇಳಿದರೆ ಏನು ಹೇಳಲಿ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಊರಿನ ಕಥೆ ಹೇಳತೊಡಗಿದರು.

ಅಂದು ಗುರುವಾರ. ಬೇರೆ ಗುರುವಾರಗಳ ಹಾಗೆಯೇ ಇತ್ತು. ಹನ್ನೊಂದು ಗಂಟೆಗೆ ಟಪಾಲಿನವನು ನಡೆದು ಬಂದ. ಹಳೆ ಬಟ್ಟೆಗಳಿಂದ ಕೌದಿ ಹೊಲಿಯುವ ಒಬ್ಬ ಹೆಂಗಸಿಗೆ ಒಂದು ಕಾಗದ ಕೊಟ್ಟು ಮುಂದೆ ಹೋದ. ಆ ಕಾಗದದ ವಿಷಯ ಹೇಳುವ ಮೊದಲು ಆ ಊರಿನ ಶಾಲೆಯ ವಿಷಯ ಹೇಳಬೇಕು.

ಆ ಊರಿನ ಗಂಡಸರು ದೂರದ ಪಟ್ಟಣದ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದರು. ಊರಲ್ಲಿ ಉಳಿದವರಿಗೆ ಓದು ಬರುತ್ತಿರಲಿಲ್ಲ. ಟಪಾಲು ಬರುವುದು ಗುರುವಾರ ಮಾತ್ರ. ಆದ್ದರಿಂದ ಗುರುವಾರ ಕೊನೆಯ ತಾಸಿಗೆ ಶಾಲೆಯಲ್ಲಿ ಪಾಠವಿರುತ್ತಿರಲಿಲ್ಲ. ದೊಡ್ಡ ಮಕ್ಕಳು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಕಾಗದ ಓದಿ ಹೇಳುತ್ತಿದ್ದರು. ವೇಳಾಪಟ್ಟಿಯಲ್ಲಿ ಅದಕ್ಕೆ ‘ಕಾಗದ ಓದುವ ತಾಸು’ ಎಂದೇ ಬರೆದಿತ್ತು.

ಅದಕ್ಕೊಂದು ಕ್ರಮವಿತ್ತು. ಹೊಸ್ತಿಲು ದಾಟಿ ಕಾಗದ ಕೈಗೆ ಬಂದ ಕೂಡಲೇ ಮಕ್ಕಳು ಕುಡಿಯಲು ನೀರು ಕೇಳಬೇಕು. ಮನೆಯವರು ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಕಾಗದವನ್ನು ಮನಸ್ಸಿನಲ್ಲೇ ಓದಿ ಮುಗಿಸಬೇಕು. ನೀರು ಕುಡಿದು, ಮನೆಯವರನ್ನು ಕೂರಿಸಿ, ಆಮೇಲೆ ಗಟ್ಟಿಯಾಗಿ ಓದಬೇಕು. ಕಾಗದದಲ್ಲಿ ಕೆಟ್ಟ ಸುದ್ದಿಯಿದ್ದರೆ ಇಬ್ಬರಲ್ಲಿ ಒಬ್ಬರು ಸದ್ದಿಲ್ಲದೆ ಹೋಗಿ ಪಕ್ಕದ ಮನೆಯವರನ್ನು ಕರೆದು ತರಬೇಕು. ಸುದ್ದಿ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ನೀರು ಕೇಳುವುದನ್ನು ಬಿಡುವಂತಿರಲಿಲ್ಲ. ಕಾಗದದ ಮೇಲೆ ಕಣ್ಣಾಡಿಸಿ, ಕೆಟ್ಟ ಸುದ್ದಿಯಿದ್ದಾಗ ಮಾತ್ರ ಕೇಳಿದರೆ ನೀರೇ ಸುದ್ದಿ ಹೇಳಿಬಿಡುತ್ತಿತ್ತು.

ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ದೊಡ್ಡ ಮಕ್ಕಳನ್ನು ನೋಡಿ ಸಣ್ಣವರು ಕಲಿಯುತ್ತಿದ್ದರು. ಯಾರ ಮನೆಯ ಗುಟ್ಟೂ ಇನ್ನೊಂದು ಮನೆಗೆ ಹೋಗುತ್ತಿರಲಿಲ್ಲ. ಗುರುವಾರ ಸಂಜೆ ಮಕ್ಕಳು ಕಿಸೆಯ ತುಂಬ ಹುರಿದ ಶೇಂಗಾ ತುಂಬಿಕೊಂಡು ಮನೆಗೆ ಮರಳುತ್ತಿದ್ದರು.

ಒಂದು ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಇಂದಿನ ಕಾಲದಲ್ಲಿ ಮುಂದೆ ಬರಲು ಮಕ್ಕಳಿಗೆ ಯಾವ ಕೌಶಲಗಳು ಬೇಕು, ಊರಿನವರನ್ನು ಸೇರಿಸಿ ಕೇಳಿ, ಅದರಂತೆ ವೇಳಾಪಟ್ಟಿ ಮಾಡಿ ಎಂದು. ಮಾಸ್ತರ ಊರಿನವರನ್ನು ಶಾಲೆಯ ಕಟ್ಟೆಗೆ ಕರೆದ.

“ಬಾಯಿಲೆಕ್ಕ ಚುರುಕಿರಬೇಕು” ಎಂದ ಒಬ್ಬ ವ್ಯಾಪಾರಿ.

“ನಿನ್ನ ಲೆಕ್ಕದ ಚುರುಕು ನಾವು ಕಂಡೀವಿ ಬಿಡಪಾ, ಊರಿಗೆ ನೀನೊಬ್ಬನಾ ಸಾಕು” ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು, ವ್ಯಾಪಾರಿಯೂ ನಕ್ಕ.

ಗಿರಣಿಯಿಂದ ರಜೆಗೆ ಬಂದಿದ್ದ ಒಬ್ಬ ಎದ್ದು ನಿಂತ. “ನಮ್ಮ ಮಂದಿ ಕೆಲಸದಾಗ ಯಾರಿಗೂ ಕಡಿಮಿ ಇಲ್ಲ. ಸಾಹೇಬರ ಮುಂದ ನಿಂತ್ರ ಬಾಯಿ ಬರೂದಿಲ್ಲ, ಅಷ್ಟ. ಹದಿನಾಲ್ಕು ವರ್ಷ ಆತು, ನಾ ಇನ್ನೂ ಅದಾ ಬಟ್ಟಿ ನೇಯೂ ಸಾಂಚಾದ ಮುಂದ ನಿಂತೀನಿ. ನಮ್ಮ ಮಕ್ಕಳಿಗೆ ನಾಲ್ಕು ಮಂದಿ ಮುಂದ ಅಂಜದೆ, ಪಟಪಟ ಮಾತಾಡೂದು ಕಲಸ್ರಿ.”

ಅವನು ಹೇಳಿದ್ದು ನಿಜವಾಗಿತ್ತು. ಯಾರೂ ಎದುರಾಡಲಿಲ್ಲ. ಭಾಷಣಕ್ಕೆ ಒಂದು ತಾಸು ಬೇಕಾಯಿತು. ಗಣಿತ ತೆಗೆಯುವಂತಿಲ್ಲ, ಕನ್ನಡ ತೆಗೆಯುವಂತಿಲ್ಲ. ಪಾಠವಿಲ್ಲದ ತಾಸು ಒಂದೇ ಇತ್ತು. ಅದನ್ನು ತೆಗೆಯೋಣವೇ ಎಂದಾಗ ಎಲ್ಲರೂ ಕೈ ಎತ್ತಿದರು. ಮಾಸ್ತರನೂ ಎತ್ತಿದ.

ನಾಲ್ಕು ವರ್ಷಗಳಾದವು. ಕಾಗದ ಓದುತ್ತಿದ್ದ ಮಕ್ಕಳು ದೊಡ್ಡವರಾಗಿ ಕೆಲವರು ಗಿರಣಿಗೆ ಹೋದರು, ಕೆಲವರು ಮದುವೆಯಾಗಿ ಹೋದರು. ಕಾಗದ ಬಂದವರು ಈಗ ದಾರಿಯಲ್ಲಿ ಸಿಕ್ಕವರಿಂದ ಓದಿಸಿಕೊಳ್ಳುತ್ತಿದ್ದರು. ಹೊಸ ಮಕ್ಕಳು ಚೆನ್ನಾಗಿ ಮಾತಾಡುತ್ತಿದ್ದರು. ಒಬ್ಬ ಹುಡುಗಿ ತಾಲ್ಲೂಕಿನ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದಳು. ಊರೇ ಅವಳನ್ನು ಮೆಚ್ಚಿತು.

ಆ ಗುರುವಾರ ಕಾಗದ ಬಂದದ್ದು ನಾಗರ ಪಂಚಮಿಗೆ ಎಂಟು ದಿನ ಮೊದಲು. ಕೌದಿ ಹೊಲಿಯುವ ಹೆಂಗಸಿಗೆ ತವರಿನವನೆಂದು ಉಳಿದಿದ್ದವನು ತಮ್ಮ ಒಬ್ಬನೇ. ಎತ್ತಿ ಆಡಿಸಿ ಬೆಳೆಸಿದ ತಮ್ಮ. ಗಿರಣಿಯಲ್ಲಿದ್ದ. ಪ್ರತಿ ವರ್ಷ ಪಂಚಮಿಗೆ ಬಂದು, ಬೀಗ ಹಾಕಿದ ತವರುಮನೆ ತೆರೆದು, ಅಕ್ಕನನ್ನು ಕರೆದೊಯ್ಯುತ್ತಿದ್ದ. ಯಾವ ದಿನ ಬರುತ್ತೇನೆಂದು ಮೊದಲೇ ಕಾಗದ ಹಾಕುತ್ತಿದ್ದ. ಆಕೆ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಬಹುಮಾನ ತಂದ ಹುಡುಗಿ ಊಟಕ್ಕೆಂದು ಮನೆಗೆ ಹೊರಟಿದ್ದಳು.

“ನನ್ನ ತಮ್ಮ ಕರೀಲಿಕ್ಕೆ ಎಂದು ಬರ್ತಾನ ನೋಡವಾ” ಎಂದು ಕಾಗದ ಕೊಟ್ಟು, ಹಳೆಯ ರೂಢಿಯಂತೆ ಆಕೆ ನೀರು ತರಲು ಒಳಗೆ ತಿರುಗಿದಳು.

“ನೀರು ಬ್ಯಾಡ ಅತ್ತಿ, ನನಗ ನೀರಡಿಕಿ ಇಲ್ಲ” ಎಂದಳು ಹುಡುಗಿ. ಕಾಗದ ಬಿಚ್ಚಿ, ನೆಟ್ಟಗೆ ನಿಂತು, ಸ್ಪಷ್ಟವಾದ ದನಿಯಲ್ಲಿ ಓದಿದಳು. ಬರೆದವರು ಗಿರಣಿಯ ಜೊತೆಗಾರರು; ತಮ್ಮ ಜ್ವರದಿಂದ ತೀರಿಕೊಂಡ ಎಂಬುದು ಮೊದಲ ಸಾಲಿನಲ್ಲೇ ಇತ್ತು. ಓದುವ ಭರದಲ್ಲಿ ಅವಳಿಗೆ ನಿಲ್ಲಿಸಲು ಆಗಲಿಲ್ಲ. ಎಂಟು ಸಾಲುಗಳನ್ನೂ ಓದಿ ಮುಗಿಸಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಬೀದಿಯ ಆ ತುದಿಯವರೆಗೂ ಕೇಳಿಸಿತು.

ಹೆಂಗಸು ಒಂದು ಕಾಲು ಹೊಸ್ತಿಲ ಒಳಗಿಟ್ಟು, ಬೆನ್ನು ತಿರುಗಿಸಿಕೊಂಡು ನಿಂತೇ ಇದ್ದಳು.

ಹುಡುಗಿಯನ್ನು ಯಾರೂ ಬೈಯಲಿಲ್ಲ. ಆಕೆಯಂತೂ ಬೈಯಲಿಲ್ಲ. ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, “ಅತ್ತಿ ನೀರು ತರಲಿಕ್ಕೆ ಯಾಕ ಹೋಗಿದ್ರು ಸರ್?” ಎಂದು ಮಾಸ್ತರನನ್ನು ಕೇಳಿದಳು. ಅವನು ಹೇಳಿದ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ತಿಂಗಳು ಕಳೆದ ಮೇಲೆ ಆ ಹೆಂಗಸು ಶಾಲೆಗೆ ಬಂದಳು. ಕಾಗದ ಸೆರಗಿನ ಗಂಟಿನಲ್ಲಿತ್ತು.

“ಮೊದಲನೇ ಮಾತಿನ ಮುಂದ ನನಗ ಏನೂ ಕೇಳಿಸಲಿಲ್ರಿ. ಇನ್ನೂ ಏನೇನೋ ಬರದಾರ.”

“ಕೂಡ್ರಿ ಅಕ್ಕಾ, ನಾ ಓದ್ತೀನಿ” ಎಂದ ಮಾಸ್ತರ.

“ಬ್ಯಾಡ್ರಿ. ಒಬ್ಬರ ಬಾಯಿಲೆ ಒಮ್ಮೆ ಕೇಳೀನಿ, ಸಾಕು. ನನಗ ಅಕ್ಷರ ಹೇಳಿಕೊಡ್ರಿ.”

“ಈ ವಯಸ್ಸಿನಾಗ ತಡ ಆಗ್ತದ ಅಕ್ಕಾ.”

“ಆಗಲಿ ಬಿಡ್ರಿ. ಅವನು ಎಲ್ಲಿಗೆ ಹೋಗ್ತಾನ ಇನ್ನ.”

ಆಕೆ ಒಂದನೆಯ ತರಗತಿಯ ಮಕ್ಕಳ ಹಿಂದೆ ಗೋಡೆಗೆ ಒರಗಿ ಕೂತು ಕಲಿತಳು. ಸಂಕ್ರಾಂತಿ ಕಳೆಯಿತು, ಯುಗಾದಿ ಬಂತು. ಒಂದು ದಿನ ಮಕ್ಕಳು ಊಟಕ್ಕೆ ಹೋದ ಮೇಲೆ ಆಕೆ ಸೆರಗಿನ ಗಂಟು ಬಿಚ್ಚಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮತ್ತೆ ಕೇಳಿದ. “ಹಾಗಾದರೆ ಗುರುಗಳೇ, ಸಭೆಯಲ್ಲಿ ನಾನು ಯಾವ ವಿದ್ಯೆಯ ಹೆಸರು ಹೇಳಲಿ? ಮಾತಾಡುವುದನ್ನು ಕಲಿಸಿದ್ದು ತಪ್ಪೇ?”

“ತಪ್ಪಲ್ಲ” ಎಂದರು ಗುರುಗಳು. “ಆದರೆ ಯಾವ ತಾಸನ್ನು ತೆಗೆದು ಕಲಿಸಿದರು ಎಂಬುದನ್ನೂ ಸಭೆಯಲ್ಲಿ ಹೇಳು. ಎಂಟು ಸಾಲು ಓದಲು ಹುಡುಗಿಗೆ ಒಂದು ನಿಮಿಷ ಸಾಕಾಗಿತ್ತು, ಪ್ರತಿ ಸಾಲಿಗೂ ನಿಂತು ಓದಿದ ಆ ಹೆಂಗಸಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು.”